‘ನೈಟ್’ಗೆ ‘ರಾವುತ’ ಒಗ್ಗುತ್ತದೆಯೇ? ಜೊತೆಗೆ ಅಣಕ, ವಿಡಂಬನೆ, ಕರಟ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಗೆಳೆಯರಿಗೆ ತೋರಿಸಲೆಂದು 1975ರ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಚಿತ್ರಕ್ಕೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಆರ್ಥರ್ ದೊರೆ ಮತ್ತು ಅವನ ‘ನೈಟ್’ಗಳು, ಅಂದರೆ ಮಧ್ಯಯುಗದ ಯುರೋಪಿನ ಕುದುರೆಯೇರಿದ ವೀರರು, ‘ಗ್ರೇಲ್’ ಎಂಬ ಪವಿತ್ರ ಪಾತ್ರೆಯನ್ನು ಹುಡುಕುವ ನಗೆಚಿತ್ರ ಅದು. ‘ನೈಟ್’ಗೆ ಕನ್ನಡದಲ್ಲಿ ಏನೆನ್ನುವುದು ಎಂದು ಮೊದಲ ದೃಶ್ಯಕ್ಕೇ ಸಿಕ್ಕಿಹಾಕಿಕೊಂಡೆ.

ಮಂಜು ಕವಿದ ದಿಬ್ಬ. ಆಚೆಯಿಂದ ಗೊರಸಿನ ಟಕಟಕ ಸದ್ದು. ಆರ್ಥರ್ ದೊರೆ ದಿಬ್ಬ ಹತ್ತಿ ಬರುತ್ತಾನೆ, ಕಡಿವಾಣ ಹಿಡಿದವನ ಹಾಗೆ ಕೈ ಮುಂದೆ ಮಾಡಿ, ಕುಪ್ಪಳಿಸುತ್ತಾ. ಕುದುರೆ ಮಾತ್ರ ಇಲ್ಲ. ಹಿಂದೆ ಗಂಟುಮೂಟೆ ಹೊತ್ತ ಆಳೊಬ್ಬ ತೆಂಗಿನ ಚಿಪ್ಪಿನ ಎರಡು ಹೋಳು ಬಡಿಯುತ್ತಾ ಬರುತ್ತಿದ್ದಾನೆ. ಕೋಟೆಯ ಮೇಲಿನ ಕಾವಲುಗಾರ ಅದನ್ನೇ ಹಿಡಿದುಕೊಳ್ಳುತ್ತಾನೆ: ನಿಮಗೆ ಕುದುರೆ ಎಲ್ಲಿದೆ, ಈ ಚಳಿದೇಶಕ್ಕೆ ತೆಂಗಿನಕಾಯಿ ಹೇಗೆ ಬಂತು?

ಕಡಿಮೆ ಬಂಡವಾಳದ ಚಿತ್ರ, ಕುದುರೆಗಳಿಗೆ ದುಡ್ಡಿರಲಿಲ್ಲ, ನಿಜ. ಆದರೆ ಈ ನಗೆಗೆ ಪದದ ಬೇರೂ ಇದೆ. ನೈಟ್‌ಗಳ ವೀರಧರ್ಮಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಶಿವಲ್ರಿ’ ಹುಟ್ಟಿದ್ದು ಫ್ರೆಂಚಿನ ‘ಶೆವಾಲ್’ನಿಂದ, ಅಂದರೆ ಕುದುರೆಯಿಂದ. ಶೆವಾಲಿಯೇ ಎಂದರೆ ಕುದುರೆಯೇರಿದವನು. ಜರ್ಮನ್ನಿನ ‘ರಿಟ್ಟರ್’ ಕೂಡ ಸವಾರನೇ. ಆ ವೀರಧರ್ಮದ ಹೆಸರಿನಲ್ಲೇ ಇರುವ ಕುದುರೆಯನ್ನು ಕಿತ್ತುಕೊಂಡು ಸದ್ದನ್ನಷ್ಟೇ ಉಳಿಸಿದ್ದಾರೆ.

ಹಾಗಾಗಿ ‘ವೀರ’, ‘ಯೋಧ’, ‘ಸರದಾರ’ ಯಾವುದೂ ನನಗೆ ಒಪ್ಪಿಗೆಯಾಗಲಿಲ್ಲ. ಇವರೆಲ್ಲ ಕಾಲ್ನಡಿಗೆಯಲ್ಲೂ ಬರಬಹುದು, ನಗುವುದಕ್ಕೆ ಏನೂ ಉಳಿಯುವುದಿಲ್ಲ. ‘ನೈಟ್’ ಎಂದೇ ಬಿಟ್ಟರೆ ಕನ್ನಡ ಲಿಪಿಯಲ್ಲಿ ಅದು ರಾತ್ರಿಯೂ ಆಗುತ್ತದೆ. ‘ಬ್ಲ್ಯಾಕ್ ನೈಟ್’ ಎಂದು ಓದಿದ ನನ್ನ ತಂಗಿ ಅಮಾವಾಸ್ಯೆಯೇ ಎಂದು ಕೇಳಿದಳು. ನಮ್ಮ ಹಳೆಯ ಪದ ‘ರಾವುತ’, ‘ರಾಹುತ’ ಇದೆಯಲ್ಲ. ಕುದುರೆ ಸವಾರ ಎಂದರ್ಥ, ರಾಜಪುತ್ರ ಸವೆದು ಆದದ್ದು, ಮಾವುತನ ಜೋಡಿ. ಆನೆ ಇಲ್ಲದ ಮಾವುತ ಎಂದ ಕೂಡಲೇ ಕೊರತೆ ತಿಳಿಯುವಂತೆ ಕುದುರೆ ಇಲ್ಲದ ರಾವುತ ಎಂದರೂ ತಿಳಿಯುತ್ತದೆ. ಕೊಟ್ಟ ಕುದುರೆಯನ್ನು ಏರಲರಿಯದವನು ವೀರನಲ್ಲ ಎಂದ ಅಲ್ಲಮನ ನಾಡಿನವರಿಗೆ ಕುದುರೆ, ವೀರ ಬೇರೆಬೇರೆ ಅಲ್ಲ. ಆರ್ಥರನ ದುಂಡುಮೇಜಿನ ಸುತ್ತ ಕೂರುವ ನೈಟ್‌ಗಳಿಗೆ ‘ದುಂಡುಮೇಜಿನ ರಾವುತರು’ ಎಂದು ಬರೆದು ಗಟ್ಟಿಯಾಗಿ ಓದಿದೆ, ಚೆನ್ನಾಗಿದೆ ಅನ್ನಿಸಿತು. ಎರಡೂ ಕೈ, ಎರಡೂ ಕಾಲು ಕಳೆದುಕೊಂಡ ಮೇಲೂ ಸೋಲೊಪ್ಪದೆ ಕಾದಾಟಕ್ಕೆ ಕರೆಯುವವನು ‘ಕರಿ ರಾವುತ’.

ಇದಕ್ಕೆ ಬಂದ ಆಕ್ಷೇಪಣೆಯೂ ತೂಕದ್ದೇ. ರಾವುತ ಎಂದರೆ ಸಂಬಳದ ಕುದುರೆ ಸಿಪಾಯಿ, ಅವನಿಗೆ ಪ್ರತಿಜ್ಞೆ, ವ್ರತ, ಅಬಲೆಯರ ರಕ್ಷಣೆ ಎಂಬ ಕಟ್ಟಳೆ ಇರಲಿಲ್ಲ ಎಂದು ಗೆಳೆಯರೊಬ್ಬರ ವಾದ. ಆದರೆ ಇಂಗ್ಲಿಷಿನ ‘ನೈಟ್’ ಕೂಡ ಮೂಲದಲ್ಲಿ ಹುಡುಗ, ಆಳು ಎಂಬ ಅರ್ಥದ್ದೇ. ಕಟ್ಟಳೆ ಆಮೇಲೆ ಸೇರಿತು. ನಮ್ಮ ಪದಕ್ಕೂ ಹಾಗೆ ಸೇರಬಾರದೇಕೆ?

ಎರಡನೆಯದು, ಇಡೀ ಚಿತ್ರವನ್ನು ಏನೆಂದು ಕರೆಯಬೇಕು? ನಾನು ‘ವಿಡಂಬನೆ’ ಎಂದಿದ್ದೆ, ಈಗ ‘ಅಣಕ’ವೇ ಸರಿ ಅನ್ನಿಸುತ್ತಿದೆ. ವಿಡಂಬನೆ ಎದುರಿನ ತಪ್ಪನ್ನು ಚುಚ್ಚಬೇಕು. ಅಣಕಕ್ಕೆ ಮೊದಲು ಎದುರಿನದು ಕರಗತವಾಗಿರಬೇಕು. ನಿರ್ದೇಶಕರಿಬ್ಬರಲ್ಲಿ ಒಬ್ಬರಾದ ಟೆರ್ರಿ ಜೋನ್ಸ್ ಮಧ್ಯಯುಗದ ಸಾಹಿತ್ಯ ಓದಿಕೊಂಡವರು. 1980ರಲ್ಲಿ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರನ ನೈಟ್ ಬಗ್ಗೆಯೇ ಪುಸ್ತಕ ಬರೆದರು. ‘ಅಣಕು ಸಂಸತ್ತು’, ‘ಅಣಕು ಕಾರ್ಯಾಚರಣೆ’ ಎಂದು ಪತ್ರಿಕೆಗಳು ಬರೆಯುವಾಗ ಅಲ್ಲಿ ಗೇಲಿಯೇ ಇಲ್ಲ, ಯಥಾವತ್ತು ಅನುಕರಣೆ ಇದೆ. ‘ಅಣಕಿಸು’ ಎಂದಾಗ ಮೂತಿ ತಿರುಚುವುದೂ ಬಂತು. ಎರಡೂ ಒಂದೇ ಪದದಲ್ಲಿರುವುದು ಕನ್ನಡದ ಭಾಗ್ಯ.

ಧರ್ಮದ ಅಣಕದಲ್ಲಿ ಇದು ಇನ್ನೂ ಸ್ಪಷ್ಟ. ಚಿತ್ರದ ಒಂದು ದೃಶ್ಯದಲ್ಲಿ ಪವಿತ್ರ ಕೈಬಾಂಬು ಎಸೆಯುವ ಮುನ್ನ ಸನ್ಯಾಸಿಯೊಬ್ಬ ಗ್ರಂಥ ತೆರೆದು ವಿಧಿ ಓದುತ್ತಾನೆ: ಮೂರರವರೆಗೆ ಎಣಿಸಬೇಕು, ನಾಲ್ಕು ಕೂಡದು, ಎರಡಕ್ಕೆ ನಿಲ್ಲಕೂಡದು. ಅಷ್ಟೆಲ್ಲ ಕೇಳಿದ ದೊರೆ ಒಂದು, ಎರಡು, ಐದು ಎನ್ನುತ್ತಾನೆ. ಇದನ್ನು ಆಡುಮಾತಿನಲ್ಲಿ ಬರೆದೆ, ಸಪ್ಪೆಯಾಯಿತು. ಕನ್ನಡ ಬೈಬಲಿನ ‘ಹೇಳಿದ್ದೇನಂದರೆ’ ಧಾಟಿಗೆ ತಿರುಗಿಸಿದೆ: ‘ಕರ್ತನು ಹೇಳಿದ್ದೇನಂದರೆ, ನೀನು ಮೂರು ಎಣಿಸತಕ್ಕದ್ದು, ನಾಲ್ಕನ್ನು ಎಣಿಸಕೂಡದು.’ ಆಗ ಜೀವ ಬಂತು. ಇಲ್ಲಿ ನಗು ದೇವರ ಮೇಲಲ್ಲ, ವಿಧಿಯ ಭಾಷೆಯ ಮೇಲೆ. ಕೇಳುವವರು ಅದನ್ನು ಬಲ್ಲವರಾಗಿರಬೇಕು, ಅಷ್ಟೇ.

‘ಗ್ರೇಲ್’ಗೆ ‘ಬಟ್ಟಲು’ ಎಂದು ಹಾಕಿದ್ದೇನೆ. ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆತಿಯೆನ್ ದ ತ್ರುವಾನ ಕತೆಯಲ್ಲಿ ಅದು ಅಗಲವಾದ ತಟ್ಟೆ, ನಮ್ಮ ಹರಿವಾಣದಂಥದ್ದು. ಯೇಸುವಿನ ಕಡೆಯ ಭೋಜನದ ಪಾತ್ರೆಯಾದದ್ದು ಆಮೇಲೆ. ‘ಅಕ್ಷಯಪಾತ್ರೆ’ ಬೇಡವೇ ಬೇಡ, ಅದು ದ್ರೌಪದಿಯದು.

ಕೊನೆಯದಾಗಿ, ಆ ಹೋಳುಗಳಿಗೆ ‘ಕರಟ’ ಎನ್ನಲೋ ‘ಚಿಪ್ಪು’ ಎನ್ನಲೋ? ಕರಟ ಖಚಿತ ಪದ. ಚಿಪ್ಪೆಂದರೆ ‘ಕೈಗೆ ಚಿಪ್ಪು ಬಂತು’ ಎಂಬ ನುಡಿಗಟ್ಟು ನೆನಪಾಗಿ, ದೊರೆಯ ಬಡತನವೂ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಇಲ್ಲದ್ದನ್ನು ಕನ್ನಡ ತಾನಾಗಿ ಕೊಟ್ಟರೆ ತೆಗೆದುಕೊಳ್ಳಬಹುದೇ?

ನಿಮ್ಮ ಕಡೆ ‘ರಾವುತ’ ಮಾತಿನಲ್ಲೋ, ಗಾದೆಯಲ್ಲೋ, ಮನೆತನದ ಹೆಸರಿನಲ್ಲೋ ಈಗಲೂ ಉಳಿದಿದ್ದರೆ, ಯಾವ ಅರ್ಥದಲ್ಲಿ ಎಂದು ದಯವಿಟ್ಟು ಬರೆಯಿರಿ.