ಮನೆಗೆ ಬರುವ ನೆಂಟರಿಗೆ ವಿಜಯಪುರವನ್ನು ಎರಡು ದಿನಗಳಲ್ಲಿ ಹೇಗೆ ತೋರಿಸುವುದು?

ಪ್ರಶ್ನೆ: ಗುಮ್ಮಟದ ನೆರಳು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಬರುವ ಜನವರಿಯಲ್ಲಿ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಗದ್ದಲ ಇಳಿದ ಮೇಲೆ, ನನ್ನ ಹೆಂಡತಿಯ ತವರಿನವರು ತೀರ್ಥಹಳ್ಳಿಯಿಂದ ಮೊದಲ ಬಾರಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಮಂಡಿನೋವಿರುವ ಅತ್ತೆಯವರು, ಹೆಂಡತಿಯ ಅಣ್ಣ ಮತ್ತು ಅತ್ತಿಗೆ, ವಾಸ್ತುಶಿಲ್ಪ ಓದುತ್ತಿರುವ ಅವರ ಮಗಳು, ಹತ್ತು ವರ್ಷದ ಮಗ, ಹೀಗೆ ಒಟ್ಟು ಐದು ಜನ. ಅವರ ಕೈಯಲ್ಲಿರುವುದು ಎರಡೇ ದಿನ.

ನಾಚಿಕೆಯಾದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇದುವರೆಗೆ ಇಪ್ಪತ್ತು ಸಲವಾದರೂ ನೆಂಟರನ್ನು ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೇನೆ. ಪ್ರತಿ ಸಲವೂ ಮಧ್ಯಾಹ್ನದ ಊಟ ಮುಗಿಸಿಕೊಂಡು ಹೊರಡುವುದು, ನೂರಾರು ಜನ ಕೂಗುತ್ತಿರುವಾಗ ಮೇಲೆ ಹತ್ತುವುದು, ನಾವೂ ನಾಲ್ಕು ಸಲ ಕೂಗಿ ಕೆಳಗಿಳಿಯುವುದು, ಹೋಗುವ ದಾರಿಯಲ್ಲಿ ಬಾರಾ ಕಮಾನಿನ ಮುಂದೆ ಚಿತ್ರ ತೆಗೆಸಿಕೊಳ್ಳುವುದು, ಅಷ್ಟೇ ನಡೆದಿದೆ. ಕಳೆದ ಸಲ ಬಂದಿದ್ದ ಗೆಳೆಯರೊಬ್ಬರು, ಇಷ್ಟು ದೊಡ್ಡ ಗುಮ್ಮಟ ಒಂದು ಕಂಬವೂ ಇಲ್ಲದೆ ಹೇಗೆ ನಿಂತಿದೆ ಎಂದು ಕೇಳಿದಾಗ, ‘ಅದೇ ಅದರ ವಿಶೇಷ’ ಎಂದು ಉತ್ತರಿಸಿ ಪಾರಾದೆ. ಈ ಬಾರಿ ವಾಸ್ತುಶಿಲ್ಪದ ವಿದ್ಯಾರ್ಥಿನಿ ಬರುತ್ತಿರುವುದರಿಂದ ಆ ಉತ್ತರ ನಡೆಯಲಾರದು.

ಯಾವುದನ್ನು ಮೊದಲು ತೋರಿಸಬೇಕು, ಮೆಟ್ಟಿಲು ಹತ್ತಲಾಗದ ಅತ್ತೆಯವರಿಗೆ ಏನನ್ನು ತೋರಿಸಬಹುದು, ಎರಡನೆಯ ದಿನ ಆಲಮಟ್ಟಿ ಮತ್ತು ಕೂಡಲಸಂಗಮಕ್ಕೆ ಹೋಗುವುದು ಸರಿಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಶಹಾಪೇಟಿ ಮಾಸ್ತರ

ತಮ್ಮ ತಪ್ಪೊಪ್ಪಿಗೆಯನ್ನು ಓದಿ ನಗು ಬಂತು. ನಿವೃತ್ತನಾಗುವವರೆಗೆ ನಾನು ಮಾಡಿದ್ದೂ ಅದನ್ನೇ.

ಗೋಳಗುಮ್ಮಟವನ್ನು ಮೊದಲು ತೋರಿಸಬೇಡಿ. ಅದನ್ನು ನೋಡಿದ ಕಣ್ಣಿಗೆ ಉಳಿದುದೆಲ್ಲವೂ ಸಣ್ಣದಾಗಿ ಕಾಣುತ್ತದೆ, ಆಮೇಲೆ ತಾವು ಎಲ್ಲಿಗೆ ಕರೆದೊಯ್ದರೂ ನೆಂಟರು ಸೌಜನ್ಯಕ್ಕಾಗಿ ತಲೆಯಾಡಿಸುತ್ತಾರೆ. ಅವರು ಬಂದಿಳಿದ ದಿನ ಸಂಜೆಗೆ ಮುಂಚೆ, ಬಿಸಿಲು ಓರೆಯಾಗುವ ಹೊತ್ತಿಗೆ, ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದೇ ಕಟ್ಟೆಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ರಾಣಿ ತಾಜ್ ಸುಲ್ತಾನಳಿಗಾಗಿ ಆರಂಭಿಸಿದ ಕಟ್ಟಡವಿದು, 1627ರಲ್ಲಿ ತೀರಿಕೊಂಡ ಅವನೂ ಕೊನೆಗೆ ಇಲ್ಲಿಯೇ ಮಲಗಿದ. ಒಳಗೋಡೆಯ ಸುತ್ತ ನಡೆದು ಕಲ್ಲಿನ ಜಾಲಂದ್ರಗಳನ್ನು ನೋಡಿ. ಸಾಮಾನ್ಯವಾಗಿ ಜಾಲಂದ್ರವೆಂದರೆ ಬಳ್ಳಿ ಅಥವಾ ಚೌಕಟ್ಟು, ಇಲ್ಲಿಯಾದರೋ ಅಕ್ಷರಗಳೇ ಜಾಲಂದ್ರವಾಗಿವೆ, ಅಕ್ಷರದ ಸಂದುಗಳಿಂದಲೇ ಬೆಳಕು ಒಳಗೆ ಬರುತ್ತದೆ. ತಲೆಯ ಮೇಲಿನ ಚಾವಣಿಯನ್ನೂ ನಿಮ್ಮ ವಿದ್ಯಾರ್ಥಿನಿಗೆ ತೋರಿಸಿ. ಸುಮಾರು 40 ಅಡಿ ಚಚ್ಚೌಕದ ಕೋಣೆಗೆ ಹಾಸಿದ ಆ ಕಲ್ಲುಚಪ್ಪಡಿಗಳು ಕೆಳಗಿನಿಂದ ನೋಡಿದರೆ ಯಾವ ಆಧಾರವೂ ಇಲ್ಲದೆ ಅಂಚಿಗೆ ಅಂಚು ಕೂಡಿಕೊಂಡು ತೂಗಿದಂತೆ ಕಾಣುತ್ತವೆ. ಆಕೆ ಅಲ್ಲಿ ಒಂದು ಗಂಟೆ ಕುಳಿತರೆ ಅವಸರ ಮಾಡಬೇಡಿ.

ಅತ್ತೆಯವರಿಗೆ ಹೇಳಲು ಇನ್ನೊಂದು ಸಂಗತಿಯಿದೆ. ಈ ಇಬ್ರಾಹಿಂ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಸಂಗ್ರಹವನ್ನು ದಖನಿ ಭಾಷೆಯಲ್ಲಿ ಬರೆದವನು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಬಾದಶಹ ಎಂದು ಕರೆದರು. ಗೋರಿಯ ಮುಂದೆ ನಿಂತು ಇದನ್ನು ಹೇಳಿದರೆ, ಯಾವನೋ ಸುಲ್ತಾನನ ಸಮಾಧಿಯಾಗಿದ್ದ ಅದು ಪರಿಚಿತರೊಬ್ಬರ ಸಮಾಧಿಯಾಗುತ್ತದೆ.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟದಲ್ಲಿರಿ. ಡಿಸೆಂಬರ್ ಮತ್ತು ಜನವರಿ ಶಾಲಾ ಪ್ರವಾಸಗಳ ಕಾಲ, ಹತ್ತು ಗಂಟೆ ದಾಟಿತೆಂದರೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ಪಿಸುಮಾತು ಬಿಟ್ಟು ಉಳಿದೆಲ್ಲವೂ ಕೇಳಿಸುತ್ತದೆ. ಬೆಳಗಿನ ನಿಶ್ಶಬ್ದದಲ್ಲಿ ಒಬ್ಬರನ್ನು ಈ ಬದಿಗೂ ಇನ್ನೊಬ್ಬರನ್ನು ಎದುರು ಬದಿಗೂ ಕೂರಿಸಿ, ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತನಾಡಲು ಹೇಳಿ. ಕಡ್ಡಿ ಗೀರಿದ ಸದ್ದು ಕೂಡ ಆಚೆ ಬದಿಗೆ ತಲುಪುತ್ತದೆ ಎನ್ನುವುದು ಉತ್ಪ್ರೇಕ್ಷೆಯಲ್ಲ. ಚಪ್ಪಾಳೆ ಏಳು ಸಲ ಮರುದನಿಸುತ್ತದೆಯೋ ಹತ್ತು ಸಲವೋ ಎಂಬ ಜಗಳ ನಮ್ಮ ಊರಿನಲ್ಲಿ ಇನ್ನೂ ಮುಗಿದಿಲ್ಲ. ಅದನ್ನು ಹುಡುಗನಿಗೆ ಒಪ್ಪಿಸಿಬಿಡಿ, ಅವನೇ ಎಣಿಸಲಿ.

ಮೊಗಸಾಲೆಗೆ ಹೋಗಲು ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ, ಇಕ್ಕಟ್ಟಾದ, ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಬೇಕು. ಅತ್ತೆಯವರನ್ನು ಅದಕ್ಕೆ ಒತ್ತಾಯಿಸಲೇಬಾರದು. ಅವರು ಕೆಳಗೆ ನಡುಮಂಟಪದಲ್ಲಿ ಕುಳಿತು ಮೇಲಿನಿಂದ ಇಳಿದುಬರುವ ಸದ್ದನ್ನು ಕೇಳಲಿ, ಬಳಿಕ ಎದುರಿನ ನಗಾರಿಖಾನೆಯ ವಸ್ತುಸಂಗ್ರಹಾಲಯವನ್ನು ನಿಧಾನವಾಗಿ ನೋಡಲಿ. ಅದಕ್ಕೆ ಶುಕ್ರವಾರ ರಜೆ ಇರುತ್ತದೆ ಎಂಬುದನ್ನು ಗಮನಿಸಿ ದಿನ ಆರಿಸಿಕೊಳ್ಳಿ. ರಸ್ತೆಯ ಪಕ್ಕದಲ್ಲಿಯೇ ಇರುವ ಗಗನ ಮಹಲಿನ ದೊಡ್ಡ ಕಮಾನನ್ನೂ ಜುಮ್ಮಾ ಮಸೀದಿಯನ್ನೂ ಮಂಡಿನೋವಿರುವವರು ಹೆಚ್ಚು ಕಷ್ಟವಿಲ್ಲದೆ ನೋಡಬಹುದು. ಮಸೀದಿಯ ನೆಲದ ಮೇಲೆ 2250 ಜನ ಪ್ರಾರ್ಥನೆಗೆ ನಿಲ್ಲುವ ಜಾಗಗಳನ್ನು ಗೆರೆ ಎಳೆದು ಗುರುತಿಸಿದ್ದಾರೆ, ಅದು ಔರಂಗಜೇಬನ ಕಾಲದ್ದು.

ಹುಡುಗನಿಗೆ ಮುಲ್ಕ್ ಮೈದಾನ ತೋಪು. ಸುಮಾರು 55 ಟನ್ ತೂಕದ, 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಆ ತೋಪಿನ ಬಾಯಲ್ಲಿ ಸಿಂಹವೊಂದು ಆನೆಯನ್ನು ಅಗಿಯುತ್ತಿರುವುದನ್ನು ತೋರಿಸಿದರೆ ಸಾಕು, ಉಳಿದ ಕಥೆಯನ್ನು ಅವನೇ ಕಟ್ಟಿಕೊಳ್ಳುತ್ತಾನೆ. 1854ರಲ್ಲಿ ಈ ತೋಪು ಹರಾಜಿಗೆ ಬಂದು 150 ರೂಪಾಯಿಗೆ ಹೋಗಿತ್ತು, ಆ ಮಾರಾಟ ರದ್ದಾದದ್ದರಿಂದ ನಮ್ಮಲ್ಲಿ ಉಳಿಯಿತು. ಸಮೀಪದಲ್ಲಿಯೇ ಇರುವ 80 ಅಡಿಯ ಉಪ್ಪಲಿ ಬುರುಜನ್ನು ಹೊರಗಿನ ಸುತ್ತುಮೆಟ್ಟಿಲುಗಳಿಂದ ಹತ್ತಿದರೆ ಇಡೀ ಊರು ಕಾಣುತ್ತದೆ.

ಉತ್ತರ 2: ಗಾರೆ ಮತ್ತು ಕಲ್ಲು

ಮಾಸ್ತರರ ಕ್ರಮ ಚೆನ್ನಾಗಿದೆ. ನಾನು ಕಟ್ಟಡ ಕಟ್ಟುವ ವೃತ್ತಿಯವನಾದ್ದರಿಂದ, ತಾವು ಉತ್ತರಿಸಲಾಗದೆ ಬಿಟ್ಟ ಪ್ರಶ್ನೆಯೊಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಗೋಳಗುಮ್ಮಟದ ಒಳಗಿನ ಕೋಣೆ ಸುಮಾರು 135 ಅಡಿ ಬದಿಯ ಚೌಕ. ಚೌಕದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಬೇಕಾದರೆ ನಾಲ್ಕು ಮೂಲೆಗಳನ್ನು ಏನು ಮಾಡುವುದೆಂಬುದೇ ತೊಡಕು. ಮನೆಯಲ್ಲಿ ಒಂದು ಕಾಗದದ ಮೇಲೆ ಚೌಕವೊಂದನ್ನು ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ, ಎಂಟು ಮೂಲೆಯ ರಂಗೋಲಿಯಾಗುತ್ತದೆ. ಆ ರಂಗೋಲಿಯ ಎಂಟು ಗೆರೆಗಳೂ ಒಂದೊಂದು ಕಮಾನು ಎಂದುಕೊಳ್ಳಿ. ಅವು ಒಂದನ್ನೊಂದು ಹಾಯ್ದು ಮೇಲೇರುತ್ತ, ನಡುವಿನ ಜಾಗವನ್ನು ಒಳಮುಖವಾಗಿ ಕಿರಿದುಗೊಳಿಸುತ್ತ, ಕೊನೆಗೆ ಚೌಕವನ್ನು ವೃತ್ತವನ್ನಾಗಿ ಮಾಡುತ್ತವೆ. ಹೀಗೆ ಕಿರಿದಾದುದರಿಂದ ಉಳಿದ ಅಂಚೇ ನಾವು ನಡೆದಾಡುವ ಸುಮಾರು 11 ಅಡಿ ಅಗಲದ ಮೊಗಸಾಲೆ. ಬುಡದಲ್ಲಿ ಸುಮಾರು 10 ಅಡಿ ದಪ್ಪವಿರುವ, ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಗುಮ್ಮಟವು ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ, ಒಳಮುಖವಾಗಿ ಚಾಚಿದ ಕಮಾನುಗಳ ರಾಶಿಭಾರವು ಒಳಕ್ಕೆ ಎಳೆಯುತ್ತದೆ. ಇವೆರಡರ ಜಗ್ಗಾಟ ಸಮನಾಗಿರುವುದರಿಂದಲೇ 1656ರಿಂದ ಅದು ನಿಂತಿದೆ. ಮೇಲೆ ಹತ್ತುವ ಮೊದಲು ನೆಲದ ಮಧ್ಯಕ್ಕೆ ಬಂದು ಕತ್ತೆತ್ತಿ ಈ ಕಮಾನುಗಳನ್ನು ತೋರಿಸಬೇಕು. ಮೊಗಸಾಲೆ ತಲುಪಿದ ಮೇಲೆ ಅವು ನಮ್ಮ ಕಾಲ ಕೆಳಗಿರುತ್ತವೆ, ಕಾಣುವುದಿಲ್ಲ.

ಇದು ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ ಎಂದು ಮಾತ್ರ ವಿದ್ಯಾರ್ಥಿನಿಯ ಮುಂದೆ ಹೇಳಬೇಡಿ, ಆಕೆ ಲೆಕ್ಕ ತೆಗೆಯುತ್ತಾಳೆ. ಒಳವ್ಯಾಸ ಸುಮಾರು 124 ಅಡಿ, ರೋಮಿನ ಪ್ಯಾಂಥಿಯನ್ನಿನದು 142 ಅಡಿ, ನಮ್ಮದಕ್ಕಿಂತ ಅಗಲವಾದ ಗುಮ್ಮಟಗಳು ಬೇರೆಯೂ ಇವೆ. ಆದರೆ ಒಂದೇ ಗುಮ್ಮಟದ ಕೆಳಗೆ ಕಂಬವಿಲ್ಲದೆ ತೆರೆದಿರುವ ನೆಲದ ವಿಸ್ತಾರ ನಮ್ಮಲ್ಲಿ 18,000 ಚದರ ಅಡಿಗೂ ಹೆಚ್ಚು, ಆ ಲೆಕ್ಕದಲ್ಲಿ ಪ್ಯಾಂಥಿಯನ್ ನಮಗಿಂತ ಹಿಂದೆ. ನಿಜವೇ ಇಷ್ಟು ದೊಡ್ಡದಾಗಿರುವಾಗ ಉಬ್ಬಿಸುವ ಅಗತ್ಯವೇನಿದೆ?

ಬಾರಾ ಕಮಾನಿನ ವಿಷಯದಲ್ಲಿಯೂ ಇದೇ ಮಾತು. ಗೋಳಗುಮ್ಮಟದ ಮೇಲೆ ಅದರ ನೆರಳು ಬೀಳಬಾರದೆಂದು ಕೆಲಸ ನಿಲ್ಲಿಸಿದರು ಎಂಬ ಕಥೆಯನ್ನು ಕಥೆಯಾಗಿಯೇ ಹೇಳಿ. ಅದನ್ನು ತನ್ನ ಸಮಾಧಿಯಾಗಿ ಕಟ್ಟಿಸುತ್ತಿದ್ದ ಎರಡನೆಯ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಪಟ್ಟಕ್ಕೆ ಬಂದ ಸಿಕಂದರ ಇನ್ನೂ ಮಗು, ರಾಜ್ಯವೇ ಕುಸಿಯುತ್ತಿತ್ತು. ಅರ್ಧಕ್ಕೆ ನಿಂತ ಕಟ್ಟಡಗಳ ಹಿಂದೆ ಹೆಚ್ಚಾಗಿ ಇರುವುದು ಬರಿದಾದ ಬೊಕ್ಕಸವೇ, ನಮ್ಮ ಕಾಲದಲ್ಲಿಯೂ.

ಉತ್ತರ 3: ಬಿಳಿಜೋಳ

ಅಣ್ಣಾವರೆ, ಗಂಡಸರೆಲ್ಲ ಕಲ್ಲಿನ ಲೆಕ್ಕದಲ್ಲಿಯೇ ಇದ್ದೀರಿ. ಬರುತ್ತಿರುವವರು ತೀರ್ಥಹಳ್ಳಿಯವರು ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಸುತ್ತಲೂ ಕಾಡು ಮತ್ತು ಅಡಿಕೆ ತೋಟದ ನಡುವೆ ಬದುಕಿದ ಹಿರಿಯರಿಗೆ ಆಲಮಟ್ಟಿಯ ಅಣೆಕಟ್ಟು ಹೊಸತಲ್ಲ, ಅಂಥವನ್ನು ಅವರು ತಮ್ಮ ಜಿಲ್ಲೆಯಲ್ಲಿಯೇ ನೋಡಿರುತ್ತಾರೆ. ಅವರು ನೋಡಿರದೆ ಇರುವುದು ನಮ್ಮ ಎರಿ ಹೊಲ, ಅಂದರೆ ಕಪ್ಪುಮಣ್ಣಿನ ಹೊಲ. ಜನವರಿಯೆಂದರೆ ಬಿಳಿಜೋಳ ತೆನೆಗಟ್ಟಿ ಹಾಲು ತುಂಬಿರುವ ಕಾಲ, ಅಂದರೆ ಸೀತನಿಯ ಕಾಲ. ಪರಿಚಯದ ರೈತರೊಬ್ಬರನ್ನು ಕೇಳಿಕೊಂಡು ಎರಡನೆಯ ದಿನ ಹೊಲಕ್ಕೆ ಕರೆದುಕೊಂಡು ಹೋಗಿ. ಕುಳ್ಳಿನ ಕೆಂಡದಲ್ಲಿ ಎಳೆಯ ತೆನೆಯನ್ನು ಸುಟ್ಟು, ಬಿಸಿಯಿರುವಾಗಲೇ ಕೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಮೊಸರಿನೊಡನೆ ಕೊಟ್ಟರೆ ಅದನ್ನು ಅವರು ಬೇರೆಲ್ಲಿಯೂ ತಿನ್ನಲಾರರು. ವರ್ಷದಲ್ಲಿ ಕೆಲವೇ ವಾರ ಸಿಗುವ ತಿನಿಸಿದು, ಕಾಳು ಬಲಿತರೆ ಮುಗಿಯಿತು.

ಮನೆಯ ಊಟದಲ್ಲಿ ಒಂದು ಎಚ್ಚರಿಕೆ. ಅನ್ನ ಉಂಡು ಬೆಳೆದವರಿಗೆ ಎರಡು ಹೊತ್ತೂ ಖಡಕ್ ರೊಟ್ಟಿ ಕೊಟ್ಟು ‘ಉತ್ತರ ಕರ್ನಾಟಕದ ಊಟ ಹೇಗಿದೆ’ ಎಂದು ಕೇಳಬೇಡಿ. ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಹಿಂಡಿ ಇರಲಿ. ರಾತ್ರಿ ಅನ್ನ, ಸಾರು ಮಾಡಿ. ಖಾರವನ್ನು ಪಲ್ಯದಲ್ಲಿ ಕಡಿಮೆ ಮಾಡಿ ಹಿಂಡಿಯಲ್ಲಿ ಉಳಿಸಿದರೆ ಬೇಕಾದವರು ಹಾಕಿಕೊಳ್ಳುತ್ತಾರೆ.

ಊರೊಳಗೆ ಅತ್ತೆಯವರನ್ನು ಟಾಂಗಾದಲ್ಲಿ ಕೂರಿಸುವ ಆಸೆಯಾಗಬಹುದು. ಹತ್ತುವ ಮೆಟ್ಟಿಲು ಎತ್ತರದಲ್ಲಿರುತ್ತದೆ, ಮಂಡಿನೋವಿಗೆ ಆಟೋ ವಾಸಿ.

ಉತ್ತರ 4: ಮೈಸೂರಿನ ಅತಿಥಿ

ನಾನು ಕಳೆದ ವರ್ಷ ನಿಮ್ಮ ಊರಿಗೆ ಅತಿಥಿಯಾಗಿ ಬಂದವನು, ಆದ್ದರಿಂದ ಇನ್ನೊಂದು ಬದಿಯ ಮಾತನ್ನೂ ಹೇಳಬಹುದು. ನನ್ನ ಆತಿಥೇಯರು ಒಂದೇ ದಿನದಲ್ಲಿ ಹನ್ನೊಂದು ಸ್ಥಳಗಳನ್ನು ತೋರಿಸಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಆದರೆ ಇಂದು ಚಿತ್ರಗಳನ್ನು ನೋಡಿದರೆ ಯಾವ ಕಮಾನು ಯಾವ ಕಟ್ಟಡದ್ದೆಂದು ತಿಳಿಯುವುದಿಲ್ಲ. ಸ್ಪಷ್ಟವಾಗಿ ನೆನಪಿರುವುದು ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿ ಒಂದೇ, ಏಕೆಂದರೆ ಅಲ್ಲಿ ಚಾಲಕರು ಚಹಾ ಕುಡಿಯಲು ಹೋದದ್ದರಿಂದ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಬೇಕಾಯಿತು.

ಕೂಡಲಸಂಗಮದ ವಿಷಯದಲ್ಲಿ ಮಾತ್ರ ಮೇಲಿನವರೊಡನೆ ನನಗೆ ಪೂರ್ಣ ಒಪ್ಪಿಗೆಯಿಲ್ಲ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ, ಬಸವಣ್ಣನವರು ಐಕ್ಯರಾದ ಆ ಸ್ಥಳವನ್ನು ನೋಡುವ ಆಸೆ ಹಿರಿಯರಲ್ಲಿ ಮೊದಲಿನಿಂದಲೂ ಇರಬಹುದು. ಅತ್ತೆಯವರನ್ನೇ ಫೋನಿನಲ್ಲಿ ಒಂದು ಮಾತು ಕೇಳಿಬಿಡಿ. ಅತಿಥಿಗೆ ಏನು ಬೇಕೆಂದು ಅತಿಥಿಯನ್ನು ಬಿಟ್ಟು ಎಲ್ಲರನ್ನೂ ಕೇಳುವುದು ನಮ್ಮಲ್ಲಿ ಹಳೆಯ ರೂಢಿ.

ಪ್ರಶ್ನಿಸಿದವರಿಂದ: ಗುಮ್ಮಟದ ನೆರಳು

ಎಲ್ಲರಿಗೂ ಕೃತಜ್ಞತೆಗಳು. ನೆಂಟರು ನಿನ್ನೆ ಊರಿಗೆ ಮರಳಿದರು. ಫೋನಿನಲ್ಲಿ ಕೇಳಿದಾಗ ಅತ್ತೆಯವರು, ಕೂಡಲಸಂಗಮಕ್ಕೆ ಮುಂದಿನ ಸಲ ಮಗಳೊಡನೆಯೇ ಹೋಗುತ್ತೇನೆ, ಈ ಸಲ ಕಾರಿನಲ್ಲಿ ಕೂರುವುದು ಬೇಡ ಎಂದುಬಿಟ್ಟರು. ಆದ್ದರಿಂದ ಎರಡನೆಯ ದಿನ ಹೊಲಕ್ಕೆ ಉಳಿಯಿತು.

ಇಬ್ರಾಹಿಂ ರೋಜಾದಲ್ಲಿ ಒಂದು ಗಂಟೆಯೆಂದು ಮಾಸ್ತರರು ಹೇಳಿದ್ದು ಎರಡೂವರೆ ಗಂಟೆಯಾಯಿತು, ಕಾವಲಿನವರು ಬಂದು ಎಬ್ಬಿಸಬೇಕಾಯಿತು. ಮರುದಿನ ಬೆಳಗ್ಗೆ ಗೋಳಗುಮ್ಮಟದ ನೆಲದ ಮೇಲೆ ನಿಂತು ನಾನು ಎಂಟು ಮೂಲೆಯ ರಂಗೋಲಿಯ ವಿವರಣೆಯನ್ನು ಆರಂಭಿಸುವಷ್ಟರಲ್ಲಿ ಹೆಂಡತಿಯ ಅಣ್ಣನ ಮಗಳಾದ ಆ ಹುಡುಗಿ, ಮಾವ, ಅದು ಗೊತ್ತು, ಸ್ವಲ್ಪ ಸುಮ್ಮನಿರಿ, ನೋಡಬೇಕು ಎಂದಳು. ಮೇಲೆ ಹುಡುಗ ಎಂಟು ಮರುದನಿಗಳನ್ನು ಎಣಿಸಿದ. ಕೆಳಗೆ ಕುಳಿತಿದ್ದ ಅತ್ತೆಯವರು ತಮಗೆ ಆರು ಕೇಳಿಸಿದವು ಎನ್ನುತ್ತಾರೆ. ಹೀಗಾಗಿ ಊರಿನ ಜಗಳಕ್ಕೆ ಇನ್ನೆರಡು ಪಕ್ಷಗಳು ಸೇರಿದವು.

ಸೀತನಿಯ ಸಲಹೆ ಕೊಟ್ಟ ಅಕ್ಕನವರಿಗೆ ವಿಶೇಷ ವಂದನೆ. ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತ ಅತ್ತೆಯವರು ಬಹಳ ಹೊತ್ತು ಬಯಲನ್ನು ನೋಡಿ, ಇಷ್ಟು ದೂರದವರೆಗೆ ಕಾಣುತ್ತದಲ್ಲ, ನಿಮಗೆ ಮಳೆ ಬರುವುದು ಬಹಳ ಮೊದಲೇ ತಿಳಿಯುತ್ತದೇನೋ ಎಂದು ಹೊಲದ ಯಜಮಾನರನ್ನು ಕೇಳಿದರು. ‘ಬಂದ್ರ ತಿಳೀತೈತ್ರೀ ಅಮ್ಮಾರ’ ಎಂದು ಅವರು ನಕ್ಕರು. ಆ ನಗುವಿನ ಅರ್ಥ ಅತ್ತೆಯವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಹೊಸದೊಂದು ತೊಡಕು ಎದುರಾಗಿದೆ. ರೋಜಾದ ಜಾಲಂದ್ರಗಳನ್ನು ಅಳತೆ ಮಾಡಿ ಚಿತ್ರ ಬಿಡಿಸಲು ಹುಡುಗಿ ಏಪ್ರಿಲ್ ರಜೆಯಲ್ಲಿ ನಾಲ್ವರು ಗೆಳತಿಯರೊಡನೆ ಬರುತ್ತಾಳಂತೆ. 40 ಡಿಗ್ರಿಯ ಬಿಸಿಲಿನಲ್ಲಿ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅಲ್ಲಿ ಕುಳಿತು ಕೆಲಸ ಮಾಡಬಹುದು, ಅಳತೆ ತೆಗೆಯಲು ಪುರಾತತ್ವ ಇಲಾಖೆಯ ಅನುಮತಿಯನ್ನು ಹೇಗೆ ಕೇಳಬೇಕು ಎಂಬುದನ್ನು ಮಾಸ್ತರರು ದಯವಿಟ್ಟು ತಿಳಿಸಬೇಕು.