ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿಯ ಜೊತೆ ಯಾರು ನಿಲ್ಲಬಹುದು?

ಪ್ರಶ್ನೆ:
ನಮ್ಮ ವಠಾರದಲ್ಲಿ ಬಾಡಿಗೆಗಿರುವ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ವಿಧವೆಯೊಬ್ಬರ ಹತ್ತು ವರ್ಷದ ಮಗ ಶಾಲೆ ತಪ್ಪಿಸಿ ಬಸ್ ನಿಲ್ದಾಣದಲ್ಲಿ ಅಲೆಯುತ್ತಿದ್ದಾಗ ಪೊಲೀಸರಿಗೆ ಸಿಕ್ಕಿ, ಹನ್ನೆರಡು ದಿನಗಳಿಂದ ಬಾಲಮಂದಿರದಲ್ಲಿದ್ದಾನೆ. ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆಕೆ ಹೆದರಿ, ಕೇಳಿದ್ದಕ್ಕೆಲ್ಲ ‘ಹೂಂ’ ಎಂದು, ಓದಲು ಬಾರದ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದಾರೆ. ‘ಮಗನನ್ನೇ ಬರೆದುಕೊಟ್ಟೆನೇನೋ’ ಎಂದು ರಾತ್ರಿಯೆಲ್ಲ ಅಳುತ್ತಾರೆ. ಸೋಮವಾರ ಮತ್ತೆ ಕರೆದಿದ್ದಾರೆ. ವಕೀಲರಿಗೆ ಕೊಡಲು ಹಣವಿಲ್ಲ. ದಾರಿ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ನಾನು ಕೆಲವು ವರ್ಷ ಕಾನೂನು ಸೇವೆಯಲ್ಲಿ ಸ್ವಯಂಸೇವಕಿಯಾಗಿದ್ದೆ. ಮೊದಲು ಆ ತಾಯಿಗೆ ಧೈರ್ಯ ಹೇಳಿ. ಮಗುವನ್ನು ಒಪ್ಪಿಸಿಬಿಡುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬೇರೆಯದೇ ಕ್ರಮವಿದ್ದು, ಅದಕ್ಕೂ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಹೆಬ್ಬೆಟ್ಟು ಒತ್ತಿದ ಕಾಗದದ ಪ್ರತಿಯನ್ನು ಸಮಿತಿಯಿಂದ ಲಿಖಿತವಾಗಿ ಕೇಳಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಾಮಾಜಿಕ ತನಿಖಾ ವರದಿ, ಅಂದರೆ ಹುಡುಗನ ಮನೆಯ ಪರಿಸ್ಥಿತಿಯನ್ನು ವಿಚಾರಿಸಿ ಸಮಿತಿಗೆ ಕೊಡುವ ವರದಿ. ಆ ತನಿಖೆ 15 ದಿನಗಳೊಳಗೆ ಮುಗಿಯಬೇಕಾದ್ದರಿಂದ ತನಿಖೆ ಮಾಡುವವರು ಮನೆಗೆ ಯಾವಾಗ ಬೇಕಾದರೂ ಬರಬಹುದು. ಬಂದವರೊಡನೆ ಆಕೆ ಬಡತನವನ್ನು ಮುಚ್ಚಿಡದೆ, ಶಿಫ್ಟ್ ಎಷ್ಟು ಹೊತ್ತಿಗೆ ಬಿಡುತ್ತದೆ, ಸಂಜೆ ಹುಡುಗನನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಸ್ಪಷ್ಟವಾಗಿ ಹೇಳಲಿ. ಆ ಜವಾಬ್ದಾರಿಯನ್ನು ನೆರೆಯವರಾದ ನೀವೇ ಹೊರಲು ಸಿದ್ಧರಿದ್ದರೆ ಬರೆದುಕೊಡಿ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವೆಂದು ಕಾಯ್ದೆಯೇ ಹೇಳುತ್ತದೆ. ಬಡತನ ತಾಯಿಯ ಅಪರಾಧವಲ್ಲ.

ಉತ್ತರ 2:
ನಾನೂ ಮಗಳಿಗಾಗಿ ಸಮಿತಿಯ ಮುಂದೆ ಆ ಬೆಂಚಿನ ಮೇಲೆ ಕುಳಿತು ಬಂದವಳು. ನನ್ನನ್ನು ಯಾರೂ ಬೈಯಲಿಲ್ಲ, ಆದರೆ ಯಾರೂ ನನ್ನ ಮುಖ ನೋಡಿ ಮಾತನಾಡಲೂ ಇಲ್ಲ. ಎರಡನೆಯ ಸಲ ಮಗಳ ಶಾಲೆಯ ಮೇಡಂ ಹಾಜರಿ ಪುಸ್ತಕದ ನಕಲು ಹಿಡಿದು ಜೊತೆಗೆ ಬಂದರು. ಅಂದು ನನ್ನ ನಾಲಿಗೆ ಹೊರಳಿತು. ಮಗಳನ್ನು ನೋಡಲು ಹೋದ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಆ ಹಾಳೆಯನ್ನೇ ಹರಿದುಕೊಂಡು ಹೋಗಿ ತೋರಿಸಿದೆ. ಆಕೆಯೂ ಭೇಟಿ ತಪ್ಪಿಸದಿರಲಿ.

ಉತ್ತರ 3:
ಸಮಿತಿಯ ಆದೇಶದ ವಿರುದ್ಧ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸಮಿತಿಯ ಕಾರ್ಯವೈಖರಿಯ ಬಗ್ಗೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಆದರೆ ವಿಚಾರಣೆ ಇನ್ನೂ ನಡೆಯುತ್ತಿರುವಾಗ ಅವಸರ ಬೇಡವೆಂದು ನನ್ನ ಅನಿಸಿಕೆ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವಕ್ಕೆ, ಅಂದರೆ ಮಗುವಿನ ಪಾಲನೆಗೆ ಕೊಡುವ ನೆರವಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಈಗಲೇ ಅರ್ಜಿ ಹಾಕಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಸಂಜೆ ಆರರಿಂದ ಎಂಟರವರೆಗೆ ಹುಡುಗ ನಮ್ಮ ಮನೆಯಲ್ಲಿ ಇರಲಿ ಎಂದು ನನ್ನ ಹೆಂಡತಿ ಒಪ್ಪಿದ್ದಾಳೆ. ನಾಳೆ ರಜೆ ಹಾಕಿ ಆ ತಾಯಿಯನ್ನು ಪ್ರಾಧಿಕಾರಕ್ಕೆ ಕರೆದೊಯ್ಯುತ್ತೇನೆ.