ಕುಡಿತ ಕಡಿಮೆ ಮಾಡುವ ಆ್ಯಪ್: ಬಳಸಿದವರು ಅನುಭವ ತಿಳಿಸಿ

ಕೇಳಿದವರು (ವಿದ್ಯಾನಗರ, ದಾವಣಗೆರೆ): ನಮ್ಮ ಯಜಮಾನರು ಅಂಗಡಿ ಮುಚ್ಚಿದ ಮೇಲೆ ಒಂದು ಕ್ವಾರ್ಟರ್ ಮುಗಿಸದೆ ಮನೆಗೆ ಬರುವುದಿಲ್ಲ. ಬಿಡುವ ಮಾತೆತ್ತಿದರೆ ಸಿಟ್ಟಾಗುತ್ತಾರೆ, ಆದರೆ ಮೊಬೈಲಿನಲ್ಲಿ ಲೆಕ್ಕ ಬರೆದಿಡಲು ಒಪ್ಪಿದ್ದಾರೆ. ಇಂಥ ಆ್ಯಪ್‌ನಿಂದ ಯಾರಿಗಾದರೂ ಪ್ರಯೋಜನವಾಗಿದೆಯೇ?

ಮಂಡಿ ವರ್ತಕ, ದಾವಣಗೆರೆ: ನನಗೆ ಆಗಿದೆ, ಎದೆ ತಟ್ಟಿ ಹೇಳುತ್ತೇನೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಲಾರಿ ಲೋಡಾಗಿ ಹೊರಟ ಮೇಲೆ ನಮ್ಮ ಗುಂಪು ಕೂರುವುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯ 10 ಪ್ರಶ್ನೆಗಳಿಗೆ ಆ್ಯಪಿನಲ್ಲಿ ಉತ್ತರಿಸಿದಾಗ ನನಗೆ 14 ಅಂಕ ಬಂತು; 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತವೆಂದು ಲೆಕ್ಕ. ಗ್ಲಾಸು ಕೈಗೆತ್ತಿಕೊಳ್ಳುವ ಮೊದಲೇ ನಮೂದಿಸಬೇಕೆಂದು ನಾನೇ ಕಟ್ಟಳೆ ಹಾಕಿಕೊಂಡೆ. ತಿಂಗಳ ಕೊನೆಗೆ ಮಂಡಕ್ಕಿ, ಮೆಣಸಿನಕಾಯಿಯೂ ಸೇರಿ 6,840 ರೂಪಾಯಿ ಎಂದು ಪರದೆಯ ಮೇಲೆ ಕಂಡಾಗ, ಹಮಾಲರೊಂದಿಗೆ 5 ರೂಪಾಯಿಗೂ ಚೌಕಾಸಿ ಮಾಡುವ ನಾನು ಬೆವತುಹೋದೆ. ಸಂಜೆ ಏಳಕ್ಕೆ ಬರುತ್ತಿದ್ದ ನೋಟಿಫಿಕೇಶನ್ ಮಾತ್ರ ಕುಡಿತವನ್ನೇ ನೆನಪಿಸುತ್ತಿತ್ತು. ಅದನ್ನು ಐದೂವರೆಗೆ ಬದಲಿಸಿದ ಮೇಲೆ ನೇರ ಮನೆಗೆ ಹೋಗುವುದು ಹೆಚ್ಚಾಯಿತು. ಈಗ ಶನಿವಾರ ಮಾತ್ರ, ಎರಡೇ ಪೆಗ್.

ಶಿಕ್ಷಕಿ, ಚಿತ್ರದುರ್ಗ: ಎದೆ ತಟ್ಟಿಕೊಳ್ಳುವ ಮೊದಲು ಆ ಆ್ಯಪ್ ಯಾವ ದೇಶದ ಅಳತೆ ಹಿಡಿದಿದೆಯೆಂದು ನೋಡಿ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಮದ್ಯಸಾರ, ಬ್ರಿಟನ್ನಿನ ಯೂನಿಟ್ 8 ಗ್ರಾಂ, ನಮ್ಮ 30 ಎಂ.ಎಲ್. ಪೆಗ್ಗಿನಲ್ಲಿರುವುದು ಸುಮಾರು 10 ಗ್ರಾಂ. ನಮ್ಮ ಮನೆಯವರ ಕ್ವಾರ್ಟರು ಆರು ಪೆಗ್ಗಾದರೂ, ಆ್ಯಪ್ ಅಮೆರಿಕದ ಅಳತೆ ಹಿಡಿದಿದ್ದರಿಂದ ಪರದೆಯಲ್ಲಿ ನಾಲ್ಕು ಚಿಲ್ಲರೆ ಎಂದೇ ಕಾಣುತ್ತಿತ್ತು. ‘ನೋಡು, ಕಡಿಮೆಯಾಗಿದೆ’ ಎಂದು ನನಗೇ ತೋರಿಸುತ್ತಿದ್ದರು. ಸಾಲದೆಂಬಂತೆ, ಮೊದಲ ವಾರ ಉಚಿತವೆಂದು ನಂಬಿಸಿ ಆ್ಯಪಿನವರು ಆಟೋಪೇ ಮೂಲಕ 1,499 ರೂಪಾಯಿ ಎಳೆದುಕೊಂಡರು. ಹಣ ಮರಳಿಸಿರೆಂದು ಬರೆದ ಪ್ರತಿ ಇಮೇಲಿಗೂ ಇಂಗ್ಲಿಷಿನಲ್ಲಿ ಅದೇ ಸಿದ್ಧ ಉತ್ತರ.

ಮಂಡಿ ವರ್ತಕ: ಮೇಡಂ, ತಕ್ಕಡಿ ಹಿಡಿಯಲು ಬಾರದವರು ತೂಕದ ಬಟ್ಟನ್ನು ದೂರಬಾರದು. ಸೆಟ್ಟಿಂಗ್ಸಿನಲ್ಲಿ ಗ್ರಾಂ ಬದಲಿಸಿಕೊಳ್ಳಬಹುದು.

ಶಿಕ್ಷಕಿ: ಬದಲಿಸಲು ಹಣ ಕಟ್ಟಬೇಕಿತ್ತು ಸರ್, ಅದನ್ನೇ ಹೇಳಿದ್ದು. ತಮ್ಮ ಶನಿವಾರದ ಎರಡು ಪೆಗ್ಗನ್ನು ಸುರಿಯುವವರು ಯಾರು, ಅಳೆಯುವವರು ಯಾರು, ಅದನ್ನೂ ದಯವಿಟ್ಟು ಬರೆಯಿರಿ.

ಹಿರಿಯೂರಿನವರು: ನಿಮ್ಮಿಬ್ಬರ ಗ್ರಾಂ ಜಗಳದಲ್ಲಿ ಮುಖ್ಯ ವಿಷಯವೇ ಮರೆಯಾಯಿತು. ನನ್ನ ತಮ್ಮನಿಗೆ ಬೆಳಗ್ಗೆ ಎದ್ದರೆ ಕೈ ನಡುಗುತ್ತಿತ್ತು. ಒಂದು ಗುಟುಕು ಒಳಗೆ ಹೋದ ಮೇಲೆಯೇ ಕಾಫಿ ಲೋಟ ಹಿಡಿಯುತ್ತಿದ್ದ. ಆ್ಯಪಿನ ‘ಶೂನ್ಯ ದಿನ’ದ ಸವಾಲು ಗೆಲ್ಲಲೆಂದು ಒಮ್ಮೆಲೇ ನಿಲ್ಲಿಸಿದ, ಎರಡನೆಯ ರಾತ್ರಿ ಫಿಟ್ಸ್ ಬಂತು. ದಾವಣಗೆರೆಗೆ ಆಂಬುಲೆನ್ಸ್ 5,000, ಐ.ಸಿ.ಯು. 38,000, ಸ್ಕ್ಯಾನಿಂಗ್ 4,500, ಔಷಧಿಯದು ಬೇರೆ. ಆ್ಯಪ್ ಮಾತ್ರ ಮರುದಿನ ‘ಅಭಿನಂದನೆಗಳು’ ಎಂದು ಪದಕ ಕಳುಹಿಸಿತ್ತು. ಅಂಥವರು ವೈದ್ಯರ ನಿಗಾದಲ್ಲಿ ಔಷಧಿಯೊಂದಿಗೇ ಬಿಡಬೇಕು. ಆ್ಯಪ್ ಏನಿದ್ದರೂ ಮಿತಿ ಮೀರಿಯೂ ಚಟಕ್ಕೆ ಬೀಳದವರಿಗೆ. ಆ 10 ಪ್ರಶ್ನೆಗಳಲ್ಲಿ 20 ಅಂಕ ಮುಟ್ಟಿದವರು ವೈದ್ಯರನ್ನು ಕಾಣಲಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇಂಜಿನಿಯರಿಂಗ್ ವಿದ್ಯಾರ್ಥಿ: ನಾನು ಬಿಯರ್ ಮಾತ್ರ ಕುಡಿಯುವುದರಿಂದ ಇದಾವುದೂ ನನಗೆ ಅನ್ವಯಿಸದು.

ಶಿಕ್ಷಕಿ: 650 ಎಂ.ಎಲ್. ಸ್ಟ್ರಾಂಗ್ ಬಾಟಲಿಯಲ್ಲಿ ಮದ್ಯಸಾರ ಶೇ. 8 ಇದ್ದರೆ ಸುಮಾರು 41 ಗ್ರಾಂ, ಅಂದರೆ ನಾಲ್ಕು ಪೆಗ್ ಆಯಿತಪ್ಪಾ. ಎರಡು ಬಾಟಲಿ ಕುಡಿದರೆ ಕ್ವಾರ್ಟರನ್ನೂ ಮೀರಿತು.

ಮಂಡಿ ವರ್ತಕ: ಮೇಡಂ ಹೇಳಿದ್ದರಲ್ಲಿ ಈ ಲೆಕ್ಕವೊಂದು ಸರಿಯಿದೆ.

ಕೇಳಿದವರು: ನಮ್ಮ ಯಜಮಾನರಿಗೆ ಬೆಳಗ್ಗೆ ಕೈ ನಡುಗುವುದಿಲ್ಲ. ಗ್ರಾಂ ಬದಲಿಸಲು ಹಣ ಕೇಳದ ಆ್ಯಪ್ ಯಾವುದೆಂದು ಮಾತ್ರ ಇನ್ನೂ ಯಾರೂ ಹೇಳಲಿಲ್ಲ.